ಶಾಲೆಯ ಶಿಸ್ತೂ ಬಾಲಕರ ತಲೆಗೂದಲೂ

ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ, ಜವಳಗೇರಾದಂಥ ಊರಿನಲ್ಲಿ, ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ನಿಂತು ನೋಡುವವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಬಾಲಕರ ಸಮವಸ್ತ್ರ ಒಂದೇ. ತಲೆಗಳು ಮಾತ್ರ ಬಗೆಬಗೆ. ಕಿವಿಯ ಮೇಲೆ ಚರ್ಮ ಕಾಣುವಂತೆ ಬೋಳಿಸಿಕೊಂಡು ನೆತ್ತಿಯಲ್ಲಿ ಪೊದೆ ಬಿಟ್ಟವರು ಕೆಲವರು. ಕೂದಲಿನ ನಡುವೆ ಗೆರೆ ಕೊರೆಯಿಸಿಕೊಂಡವರು ಕೆಲವರು. ಇದನ್ನು ಕಂಡು ಉಪಾಧ್ಯಾಯರು ಸಿಡಿಮಿಡಿಗೊಳ್ಳುವರು. ಮನೆಯ ಹಿರಿಯರು ಗೊಣಗುವರು. ಬಾಲಕರು ತಲೆ ತಗ್ಗಿಸಿ ನಕ್ಕು ಮುಂದೆ ಸಾಗುವರು. ವಿಷಯವು ನೋಡಲು ಕ್ಷುಲ್ಲಕ. ಆದರೆ ಇದರ ಬೆನ್ನಿಗೆ ಬರುವ ಪ್ರಶ್ನೆಗಳು ಕ್ಷುಲ್ಲಕವಲ್ಲವೆಂದು ನಮ್ಮ ಅಭಿಪ್ರಾಯ.

2023ನೆಯ ಇಸವಿಯಲ್ಲಿ ಬಾಗಲಕೋಟೆ ಜಿಲ್ಲೆಯ ಕುಳಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಊರಿನ ಕ್ಷೌರದಂಗಡಿಗೆ ಒಂದು ಪತ್ರ ಬರೆದುದು ನಾಡಿನಲ್ಲೆಲ್ಲ ಸುದ್ದಿಯಾಯಿತು. ನಮ್ಮ ಶಾಲೆಯ ಹುಡುಗರಿಗೆ ‘ಹೆಬ್ಬುಲಿ’ ಮಾದರಿಯ ಕ್ಷೌರ ಮಾಡಬೇಡಿರಿ, ಇದರಿಂದ ಅವರ ಲಕ್ಷ್ಯವು ಓದಿನಿಂದ ಕದಲುತ್ತಿದೆ ಎಂಬುದು ಆ ಪತ್ರದ ಸಾರಾಂಶ. ಆ ಹೆಸರು 2017ರಲ್ಲಿ ತೆರೆಕಂಡ ಕನ್ನಡ ಚಿತ್ರವೊಂದರಿಂದ ಬಂದುದು. ಚಿತ್ರ ಬಂದು ಆರು ವರ್ಷಗಳಾದ ಮೇಲೂ ನಾಯಕನ ಕೇಶಶೈಲಿ ಹಳ್ಳಿಯ ಬಾಲಕರ ತಲೆಯ ಮೇಲೆ ಉಳಿದಿದ್ದಿತೆಂದರೆ ಅದರ ಆಕರ್ಷಣೆ ಎಷ್ಟೆಂಬುದು ತಾನೇ ತಿಳಿಯುವುದು.

ಆ ಮುಖ್ಯೋಪಾಧ್ಯಾಯರನ್ನು ಹಾಸ್ಯ ಮಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಅವರು ಬೆತ್ತ ಎತ್ತಲಿಲ್ಲ, ಕತ್ತರಿ ಹಿಡಿಯಲಿಲ್ಲ, ಲೇಖನಿ ಹಿಡಿದರು. ಇಂದಿನ ಸರ್ಕಾರಿ ಶಾಲೆಯ ಉಪಾಧ್ಯಾಯರ ಪಾಡನ್ನು ಬಲ್ಲವರಾರೂ ಅವರ ಉದ್ದೇಶವನ್ನು ಹಳಿಯಲಾರರು. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ತರ್ಕವೂ ಸರಿಯಾಗಬೇಕೆಂಬ ನಿಯಮವಿಲ್ಲ. ಕೂದಲು ಕೆಟ್ಟುದರಿಂದ ಓದು ಕೆಟ್ಟಿತೇ, ಅಥವಾ ಓದಿನಲ್ಲಿ ರುಚಿ ಹುಟ್ಟದ ಬಾಲಕನು ತನ್ನನ್ನು ಯಾರಾದರೂ ನೋಡಲೆಂದು ಕೂದಲಿನ ಮೊರೆಹೊಕ್ಕನೇ?

ಪಾಠಶಾಲೆಯ ಜಗಲಿಯಲ್ಲಿ ಕುಳಿತು ಓದಿದ ನಮಗೆ ಶಿಖೆಯ ಗೌರವ ತಿಳಿಯದ ವಿಷಯವಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಶಿಖೆಯನ್ನು ತೆಗೆಸಿ ಕ್ರಾಪು ಬಿಟ್ಟು ಬಂದ ಹುಡುಗನು ಕುಲಗೆಟ್ಟವನೆಂದು ಬೈಸಿಕೊಂಡನು. ಇನ್ನು ಇವನಿಗೆ ವಿದ್ಯೆ ಹತ್ತದೆಂದು ಗುರುಗಳು ಭವಿಷ್ಯ ನುಡಿದರು. ಆ ಕ್ರಾಪಿನವರೇ ಮುಂದೆ ವಕೀಲರೂ ವೈದ್ಯರೂ ಅಧಿಕಾರಿಗಳೂ ಆದರು. ಅಂದು ಉಚ್ಛೃಂಖಲತೆಯ ಗುರುತಾಗಿದ್ದ ಅದೇ ಕ್ರಾಪನ್ನೇ ಇಂದಿನ ಮುಖ್ಯೋಪಾಧ್ಯಾಯರು ಸಭ್ಯತೆಯ ಮಾದರಿಯೆಂದು ಬೋಧಿಸುತ್ತಿರುವರು! ಕೂದಲಿನ ಮೇಲೆ ಕಟ್ಟಿದ ನೀತಿ ಎರಡು ತಲೆಮಾರು ಬಾಳದೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಶಿಸ್ತಿಲ್ಲದ ಶಾಲೆ ಸಂತೆಯೇ ಸರಿ. ಆದರೆ ಶಿಸ್ತೆಂಬ ಹೆಸರು ಬಂದ ಕೂಡಲೆ ವಿಚಾರ ಮುಗಿಯಿತೆನ್ನುವಂತಿಲ್ಲ. ನಮ್ಮ ಪ್ರಾಂತವು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1938ರಲ್ಲಿ, ವಂದೇ ಮಾತರಂ ಹಾಡಿದುದಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದಿಂದ ವಿದ್ಯಾರ್ಥಿಗಳನ್ನು ಹೊರಹಾಕಿದಾಗಲೂ ಅಧಿಕಾರಿಗಳ ಬಾಯಲ್ಲಿದ್ದುದು ಶಿಸ್ತೆಂಬ ಮಾತೇ. ಆ ಹಾಡಿಗೂ ಈ ಕ್ಷೌರಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ನಿಯಮ ಮಾಡುವವನು ನಿಯಮಕ್ಕೆ ಕಾರಣವನ್ನೂ ಹೇಳಬೇಕೆಂಬುದು ಎರಡಕ್ಕೂ ಸಲ್ಲುವ ಪಾಠ.

ಪರದೇಶಗಳಲ್ಲಿಯೂ ಈ ವ್ಯಾಜ್ಯ ನ್ಯಾಯಾಸನದವರೆಗೆ ಹೋಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂದಲು ಕತ್ತರಿಸಿ ಪಗಡಿ ತೆಗೆಯಲೊಪ್ಪದ ಸಿಖ್ ಬಾಲಕನಿಗೆ ಶಾಲೆಯೊಂದು ಪ್ರವೇಶ ನಿರಾಕರಿಸಿತು. 1983ರಲ್ಲಿ ಅಲ್ಲಿಯ ಪ್ರಭುಸಭೆಯ ನ್ಯಾಯಾಧೀಶರು ಶಾಲೆಯದೇ ತಪ್ಪೆಂದು ತೀರ್ಪಿತ್ತರು. ಥಾಯ್ಲೆಂಡಿನಲ್ಲಿ ಸೈನಿಕ ಆಡಳಿತದ ಕಾಲದ ಆಜ್ಞೆಯನ್ನು ಅನುಸರಿಸಿ ವಿದ್ಯಾ ಇಲಾಖೆಯು 1975ರಲ್ಲಿ ವಿದ್ಯಾರ್ಥಿಗಳ ಕೂದಲಿನ ಅಳತೆಯನ್ನು ಗೊತ್ತುಪಡಿಸಿದ್ದಿತು. ಅರ್ಧ ಶತಮಾನದ ತರುವಾಯ, 2025ರ ಮಾರ್ಚಿಯಲ್ಲಿ, ಆ ದೇಶದ ಉನ್ನತ ಆಡಳಿತ ನ್ಯಾಯಾಲಯವು ಆ ನಿಯಮವನ್ನು ರದ್ದುಗೊಳಿಸಿತು.

ನಮ್ಮ ದೇಶದ ಕಾಯಿದೆಯೂ ಈ ವಿಷಯದಲ್ಲಿ ಮೂಕವಾಗಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು, 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿ, ತಪ್ಪಿದವರ ಮೇಲೆ ಶಿಸ್ತುಕ್ರಮವನ್ನು ವಿಧಿಸುತ್ತದೆ. ಶಿಸ್ತುಕ್ರಮ ಇಲ್ಲಿ ಉಪಾಧ್ಯಾಯರ ಮೇಲೆಂಬುದನ್ನು ಲಕ್ಷ್ಯದಲ್ಲಿಡಬೇಕು. ಹುಡುಗನನ್ನು ಪ್ರಾರ್ಥನೆಯ ಸಾಲಿನೆದುರಿಗೆ ನಿಲ್ಲಿಸಿ ಅಡ್ಡಾದಿಡ್ಡಿ ಕೂದಲು ಕತ್ತರಿಸುವ ಉಪಾಧ್ಯಾಯರ ಸುದ್ದಿ ದೇಶದ ಒಂದಲ್ಲ ಒಂದು ಮೂಲೆಯಿಂದ ಆಗಾಗ ಬರುತ್ತಿರುತ್ತದೆ. ಕೂದಲು ತಿಂಗಳೊಪ್ಪತ್ತಿನಲ್ಲಿ ಬೆಳೆದೀತು. ಸಹಪಾಠಿಗಳೆದುರಿಗೆ ಹೋದ ಮಾನ ಅಷ್ಟು ಬೇಗ ಬೆಳೆಯದು. ಅವಮಾನಗೊಂಡ ಹುಡುಗನು ಮರುದಿನದಿಂದ ಶಾಲೆಯ ಕಡೆಗೆ ಮುಖ ಹಾಕದೆ ಹೋದರೆ, ಭತ್ತದ ಗದ್ದೆಯ ಕೂಲಿ ಅವನನ್ನು ಕೈಬೀಸಿ ಕರೆಯುತ್ತಿರುತ್ತದೆಂಬುದನ್ನು ನಮ್ಮ ಎಡದಂಡೆ ಕಾಲುವೆಯ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ವಿಷಯದ ಮರ್ಮಕ್ಕೆ ಬರುತ್ತೇವೆ. ಕ್ಷೌರ ನೆಟ್ಟಗೆ ಮಾಡಿಸಿಕೊಂಡು ಬಾ ಎಂದು ಉಪಾಧ್ಯಾಯರು ಹೇಳುವಾಗ, ಊರಿನ ಕ್ಷೌರದಂಗಡಿ ಎಲ್ಲ ಬಾಲಕರಿಗೂ ತೆರೆದಿದೆಯೆಂದು ತಿಳಿದುಕೊಂಡಿರುತ್ತಾರೆ. ಅದು ಎಲ್ಲೆಡೆಯೂ ನಿಜವೇ? ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ ಕ್ಷೌರದಂಗಡಿಯಲ್ಲಿ ಎದ್ದ ಜಗಳದಲ್ಲಿ ದಲಿತ ತರುಣನೊಬ್ಬನು ಕೊಲೆಯಾದನು. 2025ರಲ್ಲಿ ತೆರೆಕಂಡ ‘ಹೆಬ್ಬುಲಿ ಕಟ್’ ಎಂಬ ಕನ್ನಡ ಚಿತ್ರದ ಕಥೆಯೂ ಇಂಥದೇ: ನಾಯಕನಂತೆ ಕೂದಲು ಕತ್ತರಿಸಿಕೊಳ್ಳಬೇಕೆಂಬ ಬಡ ಬಾಲಕನ ಆಸೆಗೆ ಜಾತಿಯು ಅಡ್ಡ ನಿಲ್ಲುವುದು. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಅಳಿಸಿತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯು ಅಂಗಡಿಯ ಬಾಗಿಲಲ್ಲಿ ಜಾತಿ ಕೇಳುವುದನ್ನು ಅಪರಾಧವೆಂದಿತು. ಆದರೂ ಕೆಲವು ಹಳ್ಳಿಗಳ ಜನರು ಊರಿನಲ್ಲಿ ಅಂಗಡಿಯಿದ್ದೂ ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬರುತ್ತಾರೆಂಬುದು ಅಧಿಕಾರಿವರ್ಗಕ್ಕೆ ತಿಳಿಯದ ಸಂಗತಿಯಲ್ಲ.

ಇದರಲ್ಲಿ ಕ್ಷೌರಿಕ ಬಂಧುಗಳೊಬ್ಬರನ್ನೇ ದೂಷಿಸುವುದು ನ್ಯಾಯವಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಬಲಗೈಯಾಗಿದ್ದ ಹಡಪದ ಅಪ್ಪಣ್ಣನವರನ್ನು ಕುಲಗುರುವೆಂದು ನೆನೆಯುವ ಜನ ಅವರಲ್ಲಿದ್ದಾರೆ. ಆ ಹೆಸರಿಗೆ ಭೇದಭಾವ ಒಪ್ಪುವುದಿಲ್ಲವೆಂದು ಅವರೂ ಬಲ್ಲರು. ಇವನ ತಲೆ ಮುಟ್ಟಿದರೆ ನಮ್ಮ ತಲೆ ಮುಟ್ಟಬೇಡವೆಂದು ಬೆದರಿಸುವ ಗಿರಾಕಿಗಳು ಊರಿನ ದೊಡ್ಡ ಮನೆಗಳವರು. ಒಪ್ಪೊತ್ತಿನ ಗಳಿಕೆಯಲ್ಲಿ ಬದುಕುವವನು ಅವರನ್ನು ಒಬ್ಬನೇ ಎದುರಿಸಲಾರನು.

ಆದುದರಿಂದ ನಮ್ಮ ಸೂಚನೆಗಳಿವು. ಕೂದಲಿನ ನಿಯಮ ಬೇಕೆಂದರೆ ಶಾಲಾಭಿವೃದ್ಧಿ ಸಮಿತಿಯು ತಂದೆತಾಯಿಗಳನ್ನೂ ಹಿರಿಯ ವಿದ್ಯಾರ್ಥಿಗಳನ್ನೂ ಕೂಡಿಸಿ ವರ್ಷಾರಂಭದಲ್ಲಿಯೇ ಗೊತ್ತುಮಾಡಲಿ. ಅದು ಶುಚಿತ್ವದಷ್ಟಕ್ಕೆ ನಿಲ್ಲಲಿ. ತಪ್ಪಿದವನಿಗೆ ಬುದ್ಧಿ ಹೇಳಲಿ, ಮನೆಗೆ ತಿಳಿಸಲಿ. ತರಗತಿಯಿಂದ ಹೊರಗೆ ಕಳಿಸಕೂಡದು, ಕತ್ತರಿಯನ್ನಂತೂ ಮುಟ್ಟಕೂಡದು. ಇನ್ನು ಕ್ಷೌರಿಕರಿಗೆ ಪತ್ರ ಬರೆಯಬಯಸುವ ಮುಖ್ಯೋಪಾಧ್ಯಾಯರು ಅವಶ್ಯವಾಗಿ ಬರೆಯಲಿ. ಅದರ ಮೊದಲನೆಯ ವಾಕ್ಯದಲ್ಲಿ, ನಮ್ಮ ಶಾಲೆಯ ಯಾವ ಬಾಲಕನು ಬಂದರೂ ಅವನ ಕೇರಿಯನ್ನು ಕೇಳದೆ ಕುರ್ಚಿಯಲ್ಲಿ ಕೂಡಿಸಿರಿ ಎಂದಿರಲಿ. ಆ ಪತ್ರಕ್ಕೆ ಊರಿನ ದೊಡ್ಡ ಮನೆಗಳ ಹಿರಿಯರೂ ತಮ್ಮ ಸಹಿ ಹಾಕಲಿ. ತಹಶೀಲ್ದಾರರೂ ಕ್ಷೇತ್ರಶಿಕ್ಷಣಾಧಿಕಾರಿಗಳೂ ಬೆಂಬಲವಾಗಿ ನಿಲ್ಲಲಿ. ಕ್ಷೌರ ಯಾವ ಮಾದರಿಯದಾಗಿರಬೇಕೆಂಬುದನ್ನು ಎರಡನೆಯ ವಾಕ್ಯದಲ್ಲಿ ಬರೆದರೆ ನಮ್ಮ ಆಕ್ಷೇಪಣೆಯಿಲ್ಲ.