ತುಂಡಾದ ಕಾಡು, ಬಡವಾದ ಬೀಜ

ಮಳೆಗಾಲ ಬಂತೆಂದರೆ ಸಸಿ ನೆಡುವ ಸಮಾರಂಭಗಳು ಆರಂಭವಾಗುತ್ತವೆ. ಮಂತ್ರಿಗಳು ಗುದ್ದಲಿ ಹಿಡಿಯುತ್ತಾರೆ. ಲಕ್ಷ ಸಸಿ, ಕೋಟಿ ಸಸಿ ಎಂಬ ಲೆಕ್ಕ ಹೊರಬೀಳುತ್ತದೆ. ಈ ಲೆಕ್ಕಕ್ಕೆ ಚಪ್ಪಾಳೆ ತಟ್ಟುವ ಮುನ್ನ ಜನತೆ ಒಂದು ಪ್ರಶ್ನೆ ಕೇಳಬೇಕು: ಈ ಸಸಿಗಳ ಬೀಜ ಎಷ್ಟು ಮರಗಳಿಂದ ಬಂದದ್ದು?

ಹತ್ತಿ ಗಿರಣಿಯಲ್ಲಿ ದುಡಿದವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೂಲು ತೆಗೆಯುವ ಮುನ್ನ ಹಲವು ಬೇಲುಗಳ ಹತ್ತಿಯನ್ನು ಬೆರೆಸುತ್ತಾರೆ. ಒಂದು ಬೇಲಿನ ಎಳೆ ಗಿಡ್ಡವಾದರೆ ಇನ್ನೊಂದರ ಎಳೆ ಅದನ್ನು ಹಿಡಿದುಕೊಳ್ಳುತ್ತದೆ. ಕಾಡೂ ಹೀಗೆಯೇ. ಒಂದೇ ಜಾತಿಯ ನೂರು ಮರಗಳಿದ್ದರೂ ಒಂದರಂತೆ ಇನ್ನೊಂದಿಲ್ಲ. ಒಂದು ಬರವನ್ನು ತಡೆಯುತ್ತದೆ, ಒಂದು ಹುಳುವನ್ನು ತಡೆಯುತ್ತದೆ, ಒಂದು ತಡವಾಗಿ ಹೂ ಬಿಡುತ್ತದೆ. ತಾಯಿ ಮರದಿಂದ ಮರಿಗೆ ಇಳಿದು ಬರುವ ಈ ಬಗೆಬಗೆಯ ಗುಣಗಳೇ ಕಾಡಿನ ಮೂಲ ಬಂಡವಾಳ.

ಕಾಡನ್ನು ರಸ್ತೆ, ಗಣಿ, ತೋಟಗಳಿಂದ ತುಂಡು ತುಂಡು ಮಾಡಿದಾಗ ಮೊದಲು ಕರಗುವುದು ಈ ಬಂಡವಾಳ. ಉಳಿದ ತುಣುಕಿನಲ್ಲಿ ಹತ್ತಿಪ್ಪತ್ತು ಮರಗಳಿದ್ದರೆ ಅವುಗಳಲ್ಲಿರುವ ಗುಣಗಳಷ್ಟೇ ಉಳಿದಂತೆ. ಬಿದ್ದ ಮರಗಳ ಗುಣ ಹೋಯಿತು. ಆಚೆ ತುಣುಕಿನ ಪರಾಗವನ್ನು ಜೇನು ತರಲಾರದು. ಬೀಜವನ್ನು ಹಕ್ಕಿ ಸಾಗಿಸಲಾರದು. ನೆಂಟ ಮರಗಳೊಳಗೇ ಪರಾಗ ಸುತ್ತುತ್ತದೆ. ಕಾಯಿ ಕಡಿಮೆಯಾಗುತ್ತದೆ, ಸಸಿ ಸೊರಗುತ್ತದೆ. ಮರಕ್ಕೆ ನೂರಾರು ವರ್ಷದ ಆಯುಸ್ಸು. ಆದ್ದರಿಂದ ಈ ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಮರಗಳು ಹಸಿರಾಗಿ ನಿಂತಿರುತ್ತವೆ, ಅವುಗಳ ಕೆಳಗೆ ಮರಿಗಳಿರುವುದಿಲ್ಲ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೋಡಿರಿ. ಅಲ್ಲಿ ವರ್ಷವಿಡೀ ನೀರು ನಿಲ್ಲುವ ರಾಮಪತ್ರೆ ಜಡ್ಡಿಗಳಿವೆ. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಮಂಗಟ್ಟೆ ಹಕ್ಕಿ ಅದರ ಬೀಜ ಹರಡಬೇಕು. ಗದ್ದೆಗೂ ಅಡಿಕೆ ತೋಟಕ್ಕೂ ಇಂಥ ಜಡ್ಡಿಗಳನ್ನು ಒಡೆದ ಮೇಲೆ ಮಲೆನಾಡಿನಲ್ಲಿ ಅಲ್ಲೊಂದು ಇಲ್ಲೊಂದು ತುಣುಕು ಉಳಿದಿದೆ. ಇದೇ ಕತ್ತಲೆಕಾನಿನಲ್ಲಿ ಸಿಕ್ಕ ಗೇರಿನ ಬಳಗದ ಒಂದು ಮರವನ್ನು ಹೊಸ ಜಾತಿಯೆಂದು ವಿಜ್ಞಾನಿಗಳು 2000ರಲ್ಲಿ ಗುರುತಿಸಿ, ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಆಗ ತಿಳಿದುಬಂದ ಬೆಳೆದ ಮರಗಳು ನೂರಕ್ಕಿಂತ ಕಡಿಮೆ. ಒಂದು ಜಾತಿಯ ಹಣೆಬರಹ ಕೆಲವು ಜಡ್ಡಿಗಳ ಮೇಲೆ ನಿಂತಿದೆ.

ಇದು ಮಲೆನಾಡಿನ ಮಾತು, ನಮಗೇನು ಎನ್ನುವ ಹಾಗಿಲ್ಲ. ಹರಿಹರದ ಎದುರು ದಂಡೆಯ ಕಾರ್ಖಾನೆಗೆ ತಿರುಳು ಒದಗಿಸಲೆಂದು ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿತು. ಸುಮಾರು 75 ಸಾವಿರ ಎಕರೆ ಸಾರ್ವಜನಿಕ ಭೂಮಿಯನ್ನು ನೀಲಗಿರಿಗೆ ಮೀಸಲಿಡುವುದು ಅದರ ಯೋಜನೆ. ಬಗೆಬಗೆಯ ಗಿಡಮರಗಳ ಜಾಗದಲ್ಲಿ ಒಂದೇ ಮರದ ಸಾಲು! 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ರೈತರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತು, ಜನಕ್ಕೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಿತು.

ಕಾರ್ಖಾನೆಯ ಕಾರ್ಮಿಕನ ಅನ್ನವನ್ನು ಕಸಿಯಬೇಕೆಂಬುದು ನಮ್ಮ ವಾದವಲ್ಲ. ಒಂದೇ ಮರವನ್ನು ನಂಬಿದವನ ಅನ್ನಕ್ಕೂ ಭದ್ರತೆಯಿಲ್ಲ. 2000ದ ನಂತರ ದಕ್ಷಿಣ ಭಾರತದ ನೀಲಗಿರಿ ತೋಪುಗಳಿಗೆ ಎಲೆಯಲ್ಲಿ ಗಂಟು ಕಟ್ಟಿಸುವ ಪುಟ್ಟ ಕಣಜವೊಂದು ಬಿತ್ತು. ಕೆಲವು ತಳಿಗಳು ನಲುಗಿದವು, ಕೆಲವು ತಡೆದುಕೊಂಡವು. ತೋಪಿನ ತುಂಬ ಮೊದಲನೆಯ ತಳಿಯೇ ಇದ್ದವನ ಗತಿಯೇನು? ಸಂತೆಯಲ್ಲಿ ಸೀಗೇಕಾಯಿ, ಅಂಟುವಾಳ, ಜೇನು ಮಾರುವ ಸಣ್ಣ ವ್ಯಾಪಾರಿಯ ಅಂಗಡಿಗೂ ಸರಕು ಬರುವುದು ಬಗೆಬಗೆಯ ಕಾಡಿನಿಂದಲೇ, ನೀಲಗಿರಿ ತೋಪಿನಿಂದಲ್ಲ.

ಎಲ್ಲ ಮರಗಳಿಗೂ ಪೆಟ್ಟು ಒಂದೇ ಸಮ ಬೀಳುವುದಿಲ್ಲ. ಅತ್ತಿಯ ಪರಾಗವನ್ನು ಸಣ್ಣ ಕಣಜ ಮೈಲಿಗಟ್ಟಲೆ ಒಯ್ಯುತ್ತದೆ. ಆದ್ದರಿಂದ ಹೊಲದ ಬದುವಿನ ಒಂಟಿ ಮರವೂ ವ್ಯರ್ಥವಲ್ಲ. ಅದು ಎರಡು ತುಣುಕುಗಳ ನಡುವಿನ ಸೇತುವೆಯಾಗಬಲ್ಲದು.

ನಮ್ಮ ಒತ್ತಾಯಗಳು ಇಷ್ಟು. ಉಳಿದ ಕಾಡನ್ನು ಇನ್ನು ಸೀಳಬಾರದು. ಹಳ್ಳದ ದಂಡೆ, ಬದು, ಗೋಮಾಳಗಳ ಮರಗಳನ್ನು ಉಳಿಸಿ ತುಣುಕುಗಳನ್ನು ಕೂಡಿಸಬೇಕು. ಅರಣ್ಯ ಇಲಾಖೆಯ ನರ್ಸರಿಗಳು ಕೈಗೆ ಸಿಕ್ಕ ಒಂದೆರಡು ಮರಗಳ ಬೀಜ ತರದೆ, ಆಯಾ ಸೀಮೆಯ ದೂರದೂರದ ಹಲವಾರು ಮರಗಳಿಂದ ಬೀಜ ಕೂಡಿಸಬೇಕು. ಅದರ ದಾಖಲೆಯನ್ನು ಪಂಚಾಯಿತಿಯ ಮುಂದಿಡಬೇಕು. ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ಬೋರ್ಡು ಹಾಕಿದರೆ ಸಾಲದು. ಅದು ಹೊಲಗಳ ನಡುವಿನ ದ್ವೀಪವಾಗಿ ಸೊರಗದಂತೆ ನೋಡಿಕೊಳ್ಳುವ ಕೆಲಸ ಇಲ್ಲಿಂದಲೇ ಆರಂಭವಾಗಲಿ.

ಸಸಿಯ ಲೆಕ್ಕವನ್ನು ಸರ್ಕಾರ ತಾನಾಗಿಯೇ ಹೇಳುತ್ತದೆ. ಬೀಜದ ಲೆಕ್ಕವನ್ನು ಮಾತ್ರ ನಾವು ಕೇಳಿಯೇ ಪಡೆಯಬೇಕು.