ದೂರ ಯಾವುದು?



ದೂರ ಶಿಕ್ಷಣ ಅಂದ್ರೆ ಕೆಲವು ಮೇಷ್ಟ್ರುಗಳು ಮೂಗು ಮುರೀತಾರೆ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಗಲು ಕೂಲಿ ಮಾಡಿ ರಾತ್ರಿ ಓದುವವರಿಗೂ ಬಿ.ಎ. ಸಿಕ್ಕಿತು. ಇದನ್ನು ಹೀಯಾಳಿಸುವವರ ಜೊತೆ ನಾನಿಲ್ಲ.

ನಾನು ಓದಿದ್ದು ರೆಗ್ಯುಲರ್ ಕಾಲೇಜಿನಲ್ಲಿ. ಮೇಷ್ಟ್ರು ಹಳೇ ನೋಟ್ಸ್ ಓದೋರು, ನಾವು ಬರ್ಕೊಳ್ಳೋದು. ಒಂದಿನ ಗ್ರಾಮ ಸ್ವರಾಜ್ಯದ ಪಾಠ. "ಸಾರ್, ಆ ಗ್ರಾಮದಲ್ಲಿ ನಮ್ಮ ಕೇರಿ ಎಲ್ಲಿದೆ?" ಅಂದೆ. "ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದರು. ನನಗೂ ಅವರಿಗೂ ಹತ್ತೇ ಅಡಿ ದೂರ.

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ಅಲ್ಲಿ ಪಾಠ ಹೇಳಿದವರಲ್ಲಿ ಜಾನ್ ಡ್ಯೂಯಿ ಒಬ್ಬರು. ಅನುಮಾನದಿಂದಲೇ ಯೋಚನೆ ಶುರು ಅಂದ ಮೇಷ್ಟ್ರು. 1936ರ 'ಜಾತಿ ವಿನಾಶ'ದಲ್ಲೂ ಆ ಗುರುವಿನ ಋಣ ನೆನೆದಿದ್ದಾರೆ.

ಅಂಚೆಯಲ್ಲೋ ಮೊಬೈಲಲ್ಲೋ ಬರುವ ಪಾಠಕ್ಕೆ ಎದುರು ಮಾತಾಡೋಕಾಗಲ್ಲ. ಸಂಪರ್ಕ ತರಗತಿಯಲ್ಲೂ ನೋಟ್ಸೇ ಓದಿದರೆ ಅನುಮಾನ ಯಾರ ಹತ್ರ ಕೇಳೋದು? ಆ ನಾಲ್ಕು ದಿನ ಪ್ರಶ್ನೆಗೇ ಮೀಸಲಿರಲಿ. ಪರೀಕ್ಷೆಯಲ್ಲೂ ಬರೀ 'ವಿವರಿಸಿ' ಅನ್ನದೆ 'ಒಪ್ಪುತ್ತೀರಾ, ಯಾಕೆ?' ಅಂತ ಕೇಳಲಿ.

ಅಲ್ಲಿವರೆಗೆ, ಅಂಚೆಯಲ್ಲಿ ಓದೋ ನಿಮ್ಮೂರ ಗೆಳೆಯ ಗೆಳತಿಯರನ್ನ ಹಾಸ್ಟೆಲಿಗೆ ಕರೀರಿ. ಭಾನುವಾರ ಊಟ ಆದಮೇಲೆ ಹಾಲ್ ಖಾಲಿಯೇ ಇರುತ್ತೆ.