ಡ್ರಮ್‌ಕ್ಲಾಗ್: ಗೆಲುವಿನೊಳಗಿನ ಸೋಲು

1679ರ ಜೂನ್ 1ರಂದು ಸ್ಕಾಟ್ಲೆಂಡಿನ ಡ್ರಮ್‌ಕ್ಲಾಗ್‌ನಲ್ಲಿ, ಆಯುಧಸಹಿತರಾಗಿ ಪ್ರಾರ್ಥನೆಗೆ ನೆರೆದಿದ್ದ ಕವೆನೆಂಟರ್ ಪಂಥೀಯರು ಕ್ಲೇವರ್‌ಹೌಸಿನ ಜಾನ್ ಗ್ರಹಾಮನ ಅಶ್ವದಳವನ್ನು ಹಿಮ್ಮೆಟ್ಟಿಸಿದರು. ಜೌಗು ನೆಲವೇ ಕುದುರೆಗಳಿಗೆ ಶತ್ರುವಾಯಿತು. ಆದರೆ ಮುಂದಿನ ಮೂರು ವಾರ ವಿಜಯಿಗಳ ಪಾಳೆಯವನ್ನು ವಾಗ್ವಾದವೇ ಒಡೆಯಿತು: ದೊರೆಯ ಅನುಮತಿ ಪಡೆದು ಬೋಧಿಸುವ ಪಾದ್ರಿಗಳೊಡನೆ ಕೂಡಬಹುದೇ? ಜೂನ್ 22ರಂದು ಬಾತ್ವೆಲ್ ಸೇತುವೆಯ ಬಳಿ ಮನ್ಮತ್ ಡ್ಯೂಕನ ಸೈನ್ಯ ಅವರನ್ನು ಚದುರಿಸಿತು.

ವಾಲ್ಟರ್ ಸ್ಕಾಟನ ‘ಓಲ್ಡ್ ಮಾರ್ಟಾಲಿಟಿ’ (1816) ಈ ಮತಾವೇಶವನ್ನು ಸೂಕ್ಷ್ಮವಾಗಿ ಕಂಡಿತು. ಅದಕ್ಕೆ ಕಾರಣವಾದ ದಬ್ಬಾಳಿಕೆಯನ್ನು ಅಷ್ಟಾಗಿ ಕಾಣಲಿಲ್ಲ. ಜಾನ್ ಗಾಲ್ಟನ ‘ರಿಂಗನ್ ಗಿಲ್ಹೇಜ್’ (1823) ಕವೆನೆಂಟರನೊಬ್ಬನ ಬಾಯಿಂದಲೇ ಕಥೆ ಹೇಳಿಸಿತು. ಸ್ಕಾಟನನ್ನಷ್ಟೇ ಓದಿ ತೀರ್ಪು ನೀಡುವುದು ಏಕಾಂತದೃಷ್ಟಿ. ಪೀಡಿತರ ನೋವು, ಅವರ ಹಠ ಎರಡನ್ನೂ ಒಟ್ಟಿಗೆ ನೋಡಿದಾಗಲೇ ವಿಮರ್ಶೆ ಸಮ್ಯಕ್ ಎನಿಸುತ್ತದೆ.